ಎಸ್ಪೋಸಿತೊ: ಒಂದು ಅಡ್ಡಹೆಸರು, ಲೆಕ್ಕವಿಲ್ಲದಷ್ಟು ಮೂಲಪುರುಷರು

ಇಟಲಿಯ ಮಟ್ಟಿಗೆ ಫೆರ್ರಾರಿ ಎಂದರೆ ಕಾರಿಗಿಂತ ಮೊದಲು ಕಮ್ಮಾರ. ಉತ್ತರ ಕರ್ನಾಟಕದ ಬಡಿಗೇರ, ಪತ್ತಾರರ ಹಾಗೆ ಅಲ್ಲಿಯೂ ಕಸುಬು ಅಡ್ಡಹೆಸರಾಗಿ ಅಂಟಿಕೊಂಡಿದೆ. ರೊಸ್ಸಿ ಎಂದರೆ ಕೆಂಚು ಕೂದಲಿನವನ ಮನೆಯವರು. ದಕ್ಷಿಣಕ್ಕೆ ಹೋದರೆ ಅದೇ ರುಸ್ಸೊ. ಆದರೆ ನೇಪಲ್ಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ಎಸ್ಪೋಸಿತೊ ಕಸುಬನ್ನೂ ಹೇಳುವುದಿಲ್ಲ, ಕೂದಲಿನ ಬಣ್ಣವನ್ನೂ ಹೇಳುವುದಿಲ್ಲ. ಲ್ಯಾಟಿನ್ನಿನ ‘ಎಕ್ಸ್‌ಪೊಸಿತುಸ್’ನಿಂದ ಬಂದ ಈ ಮಾತಿಗೆ ‘ಹೊರಗಿಟ್ಟದ್ದು’ ಎಂದು ಅರ್ಥ. ಇಟ್ಟಿದ್ದು ಕೂಸನ್ನು.

ಆ ಕೂಸುಗಳನ್ನು ಇಡುತ್ತಿದ್ದ ಜಾಗ ನೇಪಲ್ಸ್‌ನ ಫೊರ್ಚೆಲ್ಲಾ ಬೀದಿಗಳ ನಡುವೆ ಇಂದಿಗೂ ಇದೆ. ಹೆಸರು ಅನ್ನುಂಟ್ಸಿಯಾತಾ, 14ನೇ ಶತಮಾನದಲ್ಲಿ ಹುಟ್ಟಿದ ಧರ್ಮಸಂಸ್ಥೆ. ಅದರ ಹೊರಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯೊಳಗೆ ನಟ್ಟಗೆ ನಿಲ್ಲಿಸಿದ ಮರದ ಪೀಪಾಯಿ. ಪೀಪಾಯಿಯ ಒಂದು ಪಕ್ಕ ಮಾತ್ರ ತೆರೆದಿರುತ್ತಿತ್ತು. ಬೀದಿಯಲ್ಲಿ ನಿಂತವರು ಕೂಸನ್ನು ಅದರಲ್ಲಿ ಮಲಗಿಸಿ ಅರ್ಧ ಸುತ್ತು ತಿರುಗಿಸಿದರೆ ತೆರೆದ ಪಕ್ಕ ಒಳಕೋಣೆಗೆ ಮುಖ ಮಾಡುತ್ತಿತ್ತು. ಗಂಟೆ ಬಾರಿಸಿದರೆ ಒಳಗೆ ಕಾವಲಿದ್ದ ಹೆಂಗಸು ಬಂದು ಎತ್ತಿಕೊಳ್ಳುತ್ತಿದ್ದಳು. ಇಟ್ಟವರ ಮುಖ ಒಳಗಿನವರಿಗೆ ಕಾಣುವುದಿಲ್ಲ, ಒಳಗಿನವರದು ಇಟ್ಟವರಿಗೆ ಕಾಣುವುದಿಲ್ಲ. ಇಡೀ ಯಂತ್ರದ ಉದ್ದೇಶವೇ ಅದು. ಈ ಚಕ್ರ ನಿಂತದ್ದು 1875ರಲ್ಲಿ.

ಒಳಬಂದ ಕೂಸಿನ ವಿವರ ದಪ್ಪ ವಹಿಯಲ್ಲಿ ದಾಖಲಾಗುತ್ತಿತ್ತು: ದಿನ, ಹೊತ್ತು, ಅಂದಾಜು ವಯಸ್ಸು, ಸುತ್ತಿದ್ದ ಬಟ್ಟೆ, ಮೈಮೇಲಿನ ಗುರುತು. ಎಂದಾದರೂ ವಾಪಸು ಬಂದು ಕೇಳುವ ಆಸೆಯಿದ್ದವರು ಮುರಿದ ಪದಕದ ಅರ್ಧವನ್ನೋ ಹರಿದ ಚೀಟಿಯ ತುಂಡನ್ನೋ ಕೂಸಿನ ಜೊತೆ ಇಟ್ಟು, ಉಳಿದರ್ಧವನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಎರಡೂ ಕೂಡಿದರೆ ಅದೇ ಸಾಕ್ಷಿ. ಬಳಿಕ ಮಕ್ಕಳಲ್ಲಿ ಎಷ್ಟೋ ಮಂದಿ ಹಾಲುಣಿಸುವ ದಾದಿಯರ ಜೊತೆ ಸುತ್ತಲ ಹಳ್ಳಿಗಳಿಗೆ ಹೋದರು. ಬದುಕಿ ಉಳಿದವರು ಅಲ್ಲಲ್ಲೇ ಸಂಸಾರ ಹೂಡಿದರು. ನಗರದ ಒಂದು ಕಿಂಡಿಯಿಂದ ಹೊರಟ ಹೆಸರು ಸೀಮೆಯೆಲ್ಲ ಹಬ್ಬಿತು.

ಬೇರೆ ನಗರಗಳಲ್ಲಿ ಇದೇ ಕಥೆಗೆ ಬೇರೆ ಹೆಸರುಗಳಿವೆ. ರೋಮ್‌ನಲ್ಲಿ ಪ್ರೊಯೆತ್ತಿ, ಅಂದರೆ ‘ಎಸೆಯಲ್ಪಟ್ಟವರು’. 1445ರಲ್ಲಿ ಮೊದಲ ಕೂಸನ್ನು ಪಡೆದ ಫ್ಲಾರೆನ್ಸ್‌ನ ಆಶ್ರಮದಿಂದ ಇನ್ನೊಚೆಂತಿ, ‘ಮುಗ್ಧರು’. ಮಿಲಾನಿನ ದೊಡ್ಡಾಸ್ಪತ್ರೆಯ ಲಾಂಛನದಲ್ಲಿ ಪಾರಿವಾಳವಿತ್ತು, ಹಾಗಾಗಿ ಅಲ್ಲಿನ ಮಕ್ಕಳು ಕೊಲೊಂಬೊ. ಇಲ್ಲಿ ಎಡವುವವರು ಬಹಳ. ಕೊಲೊಂಬೊ ಎಂಬುದು ಅದಕ್ಕೂ ಹಿಂದಿನಿಂದ ವ್ಯಕ್ತಿನಾಮವಾಗಿಯೂ ಇತ್ತು. ಕಡಲಯಾನಿ ಕೊಲಂಬಸ್ ಜಿನೋವಾದ ಉಣ್ಣೆ ನೇಕಾರನ ಮಗ. ತಂದೆಯ ಹೆಸರು ದಾಖಲೆಯಲ್ಲಿದೆ, ಮಿಲಾನಿನ ಪಾರಿವಾಳಕ್ಕೂ ಅವನಿಗೂ ಸಂಬಂಧವಿಲ್ಲ. ಹೆಸರಿನ ಅರ್ಥ ಗೊತ್ತಾದ ಮಾತ್ರಕ್ಕೆ ಮನೆತನದ ಮೂಲ ಗೊತ್ತಾಗುವುದಿಲ್ಲ.

ಎಸ್ಪೋಸಿತೊ ಎಂಬ ಹೆಸರು ಹೊತ್ತವರಿಗೆ ಅದು ಹಣೆಯ ಮೇಲಿನ ಬರಹದಂತಿತ್ತು. 1808ರಿಂದ 1815ರವರೆಗೆ ನೇಪಲ್ಸ್ ಆಳಿದ, ನೆಪೋಲಿಯನ್ನನ ಭಾವಮೈದುನ ಜೋಕಿಂ ಮ್ಯೂರಾನ ಕಾಲದಲ್ಲಿ ಹೊಸ ಮಕ್ಕಳಿಗೆ ಎಸ್ಪೋಸಿತೊ ಎಂದಿಡುವುದು ನಿಷಿದ್ಧವಾಯಿತು. ಗುಮಾಸ್ತರು ಒಂದೊಂದು ಕೂಸಿಗೆ ಒಂದೊಂದು ಹೊಸ ಅಡ್ಡಹೆಸರು ಕಟ್ಟತೊಡಗಿದರು. ತಂದೆತಾಯಿ ಗೊತ್ತಿಲ್ಲದ ಮಗುವಿಗೆ ಅದರ ಹುಟ್ಟನ್ನು ಬಯಲು ಮಾಡುವ ಹೆಸರಿಡಬಾರದೆಂದು ಇಟಲಿಯ 2000ನೇ ಇಸವಿಯ ನೋಂದಣಿ ನಿಯಮವೂ ಹೇಳುತ್ತದೆ.

ವಿಜ್ಞಾನಿಗಳಿಗೆ ಎಸ್ಪೋಸಿತೊ ತಲೆನೋವಾಗುವುದು ಇನ್ನೊಂದು ಕಾರಣಕ್ಕೆ. ಅಡ್ಡಹೆಸರು ತಂದೆಯಿಂದ ಮಕ್ಕಳಿಗೆ ಬರುತ್ತದೆ, ವೈ ವರ್ಣತಂತು ತಂದೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಎರಡೂ ಒಂದೇ ದಾರಿಯ ಪಯಣಿಗರು. ಹಾಗಾಗಿ ಒಂದೇ ಅಡ್ಡಹೆಸರಿನ ಗಂಡುಹೆಣ್ಣುಗಳ ಮದುವೆ ಎಷ್ಟು ಎಂದು ಎಣಿಸಿದರೆ ಊರಿನಲ್ಲಿ ಎಷ್ಟು ರಕ್ತಸಂಬಂಧದ ಮದುವೆಗಳಾಗಿವೆ ಎಂದು ಅಳೆಯಬಹುದು. ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ 1875ರಲ್ಲಿ ಈ ಉಪಾಯ ಬಳಸಿದ. 1965ರಲ್ಲಿ ತಳಿವಿಜ್ಞಾನಿಗಳಾದ ಕ್ರೋ ಮತ್ತು ಮ್ಯಾಂಜ್ ಅದನ್ನು ಸೂತ್ರವಾಗಿಸಿದರು. ದೊಡ್ಡಪ್ಪ-ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ-ಚಿಕ್ಕಮ್ಮ: ಈ ನಾಲ್ಕು ಬಗೆಯವರ ಮಕ್ಕಳಲ್ಲಿ ಹುಟ್ಟಿನಿಂದಲೇ ಒಂದೇ ಅಡ್ಡಹೆಸರು ಇರುವುದು ಮೊದಲ ಬಗೆಯಲ್ಲಿ ಮಾತ್ರ, ಅಂದರೆ ನಾಲ್ಕರಲ್ಲಿ ಒಂದು. ಈ ನಾಲ್ಕರಲ್ಲಿ ಯಾವ ಬಗೆಯ ಮದುವೆಯಿಂದ ಹುಟ್ಟಿದ ಮಗುವಿಗಾದರೂ ಒಳಸಂತಾನ ಗುಣಾಂಕ (ಒಬ್ಬನೇ ಪೂರ್ವಜನ ಒಂದೇ ವಂಶವಾಹಿ ತಂದೆ, ತಾಯಿ ಎರಡೂ ಕಡೆಯಿಂದ ಬರುವ ಸಂಭವ) 1/16, ಅಂದರೆ 1/4ರ ಕಾಲುಭಾಗ. ಆದ್ದರಿಂದ ಒಂದೇ ಹೆಸರಿನ ಮದುವೆಗಳ ಪ್ರಮಾಣವನ್ನು ನಾಲ್ಕರಿಂದ ಭಾಗಿಸಿದರೆ ಊರಿನ ಗುಣಾಂಕ ಸಿಗುತ್ತದೆ: 400 ಮದುವೆಗಳಲ್ಲಿ 8 ಜೋಡಿಗಳಿಗೆ ಒಂದೇ ಹೆಸರಿದ್ದರೆ ಪ್ರಮಾಣ 0.02, ಗುಣಾಂಕ 0.005. (ಸೋದರಮಾವನ ಮಗಳನ್ನು ತರುವ ನಮ್ಮ ಸೀಮೆಯಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ವಧೂವರರ ಮನೆತನವೇ ಬೇರೆ.)

ಈಗ ಎಸ್ಪೋಸಿತೊಗಳು ನೂರಕ್ಕೆ ಐವರಿರುವ ಊರೊಂದನ್ನು ಊಹಿಸಿಕೊಳ್ಳಿ. 0.05ನ್ನು 0.05ರಿಂದ ಗುಣಿಸಿದರೆ 0.0025, ಯಾವ ನಂಟೂ ಇಲ್ಲದೆ, ಬರೀ ಕಾಕತಾಳೀಯವಾಗಿ, 400 ಮದುವೆಗಳಿಗೆ ಒಂದರಲ್ಲಿ ಎರಡೂ ಕಡೆ ಎಸ್ಪೋಸಿತೊ. ಸೂತ್ರ ಅದನ್ನು ದಾಯಾದಿಗಳ ಮದುವೆಯೆಂದೇ ಎಣಿಸುತ್ತದೆ. ಕಾರಣ, ಒಂದು ಹೆಸರಿಗೆ ಒಬ್ಬನೇ ಮೂಲಪುರುಷ ಎಂದು ಅದು ನಂಬಿಕೊಂಡಿದೆ. ಇಲ್ಲಿ ಚಕ್ರ ತಿರುಗಿದಷ್ಟು ಸಲ ಹೊಸ ಮೂಲ. ಇಬ್ಬರು ಎಸ್ಪೋಸಿತೊಗಳ ವೈ ವರ್ಣತಂತು ಹೊಂದದಿದ್ದರೆ ಅಚ್ಚರಿಪಡಬೇಕಾಗಿಲ್ಲ, ಹೊಂದಿದರೆ ಕುತೂಹಲ. ‘ಎಸ್ಪೋಸಿತೊ ವಂಶದ ಲಾಂಛನ’ ಎಂದು ಚೌಕಟ್ಟು ಹಾಕಿ ಮಾರುವವರ ಮಾತಿಗೆ ಎಷ್ಟು ಬೆಲೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ತಮಾಷೆಯೆಂದರೆ, ನಿಷೇಧದ ನಂತರ ಗುಮಾಸ್ತ ಕಟ್ಟಿದ ವಿಚಿತ್ರ ಹೆಸರೇ ಸಂಶೋಧಕನಿಗೆ ಹೆಚ್ಚು ಉಪಯುಕ್ತ. ಅಂಥ ಅಪರೂಪದ ಹೆಸರಿನ ಹಿಂದೆ ಬಹುಮಟ್ಟಿಗೆ ಒಂದೇ ಕೂಸು ಇರುತ್ತದೆ.

ಹಾಗಾದರೆ ಒಂದು ಎಸ್ಪೋಸಿತೊ ಮನೆಯ ಮೂಲ ಹುಡುಕುವುದು ಹೇಗೆ? ಹೆಸರಿನಿಂದ ಶುರುಮಾಡಬಾರದು, ಊರಿನಿಂದ ಮಾಡಬೇಕು. ನೇಪಲ್ಸ್ ಸೀಮೆಯಲ್ಲಿ ಸರ್ಕಾರಿ ಜನನ-ಮರಣ-ವಿವಾಹ ನೋಂದಣಿ 1809ರಿಂದ ಇದೆ. ಇಟಲಿಯ ರಾಜ್ಯ ದಫ್ತರಖಾನೆಗಳ ‘ಆಂತೆನಾತಿ’ ಜಾಲತಾಣದಲ್ಲಿ ಪುಟಗಳನ್ನು ಪುಕ್ಕಟೆಯಾಗಿ ನೋಡಬಹುದು. ಗೊತ್ತಿರುವ ಕೊನೆಯ ಹಿರಿಯನ ಮದುವೆಯ ದಾಖಲೆ ಮೊದಲು ತೆಗೆಯಿರಿ. ಅದರ ಲಗತ್ತು ಕಾಗದಗಳಲ್ಲಿ ವಧೂವರರ ಜನನಪತ್ರದ ನಕಲು, ತೀರಿಕೊಂಡ ತಂದೆಯ ಮರಣಪತ್ರ ಇರುತ್ತವೆ. ಒಂದೇ ಕಟ್ಟಿನಲ್ಲಿ ಎರಡು ತಲೆಮಾರು. ಹೆಂಗಸರನ್ನು ಹುಟ್ಟುಹೆಸರಿನಲ್ಲೇ ಹುಡುಕಿ, ಅಲ್ಲಿನ ದಾಖಲೆಗಳಲ್ಲಿ ಅವರ ಹೆಸರು ಮದುವೆಯಿಂದ ಬದಲಾಗುವುದಿಲ್ಲ. ಸ್ಪೋಸಿತೊ, ಎಸ್ಪೋಸ್ತೊ ಎಂಬ ರೂಪಗಳನ್ನೂ ಬಿಡಬೇಡಿ.

1809ಕ್ಕಿಂತ ಹಿಂದಕ್ಕೆ ಹೋಗಲು ಚರ್ಚಿನ ವಹಿಗಳೇ ಗತಿ. 1563ರಲ್ಲಿ ಟ್ರೆಂಟ್ ಧರ್ಮಸಭೆ ಪಾದ್ರಿಗಳಿಗೆ ಮದುವೆ ಮತ್ತು ದೀಕ್ಷಾಸ್ನಾನದ ಪುಸ್ತಕ ಇಡಲು ಕಟ್ಟಪ್ಪಣೆ ಮಾಡಿತು. ಹೀಗೆ ಹಿಂದೆ ಹಿಂದೆ ಸರಿಯುತ್ತ ಎಲ್ಲೋ ಒಂದು ಪುಟದಲ್ಲಿ ತಂದೆತಾಯಿಯ ಹೆಸರಿರಬೇಕಾದ ಜಾಗದಲ್ಲಿ ‘ಜೆನಿತೋರಿ ಇನ್ಯೋತಿ’, ಅಂದರೆ ‘ತಂದೆತಾಯಿ ಅಜ್ಞಾತ’ ಎಂದು ಸಿಗುತ್ತದೆ. ಅಲ್ಲಿಗೆ ವಂಶವೃಕ್ಷದ ಆ ಕೊಂಬೆ ನಿಂತಿತು. ಆ ಕೂಸು ಅನ್ನುಂಟ್ಸಿಯಾತಾದ ಗೋಡೆಯಿಂದ ಬಂದದ್ದಾದರೆ, ಅದೇ ದಿನಾಂಕ ಹಿಡಿದು ಚಕ್ರದ ವಹಿ ಹುಡುಕಬೇಕು. ಅಲ್ಲಿ ತಾಯಿಯ ಹೆಸರಿರುವುದಿಲ್ಲ. ಅವಳು ಕೂಸಿಗೆ ಸುತ್ತಿದ್ದ ಬಟ್ಟೆ ಎಂಥದ್ದೆಂದು ಬರೆದಿರುತ್ತದೆ.