ಮೋಡದ ಮರೆಯ ಬಿಸಿ: ಚಂಡಮಾರುತದ ಬಲ ಅಳೆಯುವ ಕಥೆ

ತೂಫಾನ್ ಬರುತ್ತಿದೆ ಅಂದರೆ ಮುಂಬೈಯ ಮೊಗವೀರ ಮನೆಗಳಲ್ಲಿ ಮೊದಲು ಕೇಳುವ ಮಾತು, ‘ಎಷ್ಟು ಜೋರಿದೆ?’ ಈ ಸರಳ ಪ್ರಶ್ನೆಗೆ ಉತ್ತರ ಕೊಡಲು ವಿಜ್ಞಾನಿಗಳು ಅರ್ಧ ಶತಮಾನದಿಂದ ಹೆಣಗುತ್ತಿದ್ದಾರೆ.

ಅಟ್ಲಾಂಟಿಕ್‌ನಲ್ಲಿ ಅಮೆರಿಕದ ವಿಮಾನಗಳು ಸುಳಿಯೊಳಗೇ ನುಗ್ಗಿ ಅಳೆದು ಬರುತ್ತವೆ. ಅರಬ್ಬಿ ಸಮುದ್ರದಲ್ಲಿ ಅಂಥ ಏರ್ಪಾಡು ಇಲ್ಲ. ದಡದಿಂದ ದೂರ ಇರುವಾಗ ಹೆಚ್ಚುಕಡಿಮೆ ಉಪಗ್ರಹವೇ ಗತಿ.

1970ರ ದಶಕದಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ವರ್ನನ್ ಡ್ವೊರಾಕ್ ಉಪಗ್ರಹ ಚಿತ್ರಗಳಲ್ಲಿ ಮೋಡಗಳ ಆಕಾರ ನೋಡಿ ಚಂಡಮಾರುತಕ್ಕೆ 1ರಿಂದ 8ರವರೆಗೆ ಅಂಕ ಕೊಡುವ ವಿಧಾನ ರೂಪಿಸಿದರು. ನಮ್ಮ ಹವಾಮಾನ ಇಲಾಖೆ ಇವತ್ತಿಗೂ ಮುಖ್ಯವಾಗಿ ನೆಚ್ಚಿಕೊಂಡಿರುವುದು ಅದನ್ನೇ. ಆದರೆ ಆ ಚಿತ್ರಗಳಲ್ಲಿ ಕಾಣುವುದು ಮೋಡದ ನೆತ್ತಿ ಮಾತ್ರ. ಮೇಲೆ ತೆಳು ಮೋಡ ಹರಡಿಕೊಂಡರೆ ಕೆಳಗೆ ಚಂಡಮಾರುತದ ಕಣ್ಣು, ಅಂದರೆ ನಟ್ಟನಡುವಿನ ಶಾಂತ ಜಾಗ, ಮೂಡುತ್ತಿರುವುದು ಗೊತ್ತೇ ಆಗುವುದಿಲ್ಲ.

ಮೈಕ್ರೋವೇವ್ ಎಂಬ, ರೇಡಿಯೋ ಅಲೆಗಳ ಜಾತಿಯ ಅಲೆ ಆ ಮೋಡವನ್ನು ದಾಟಿ ಬರುತ್ತದೆ. ಸಮುದ್ರದ ಆವಿ ಮೇಲೇರಿ ಮಳೆಹನಿ ಆಗುವಾಗ ಶಾಖ ಬಿಡುತ್ತದೆ. ಚಂಡಮಾರುತದ ನಡುಭಾಗದಲ್ಲಿ, ಸುಮಾರು ಹತ್ತು ಕಿಲೋಮೀಟರ್ ಎತ್ತರದ ಗಾಳಿ ಸುತ್ತಲಿನ ಗಾಳಿಗಿಂತ ಜಾಸ್ತಿ ಬಿಸಿಯಾಗುತ್ತದೆ. ಬಿಸಿ ಗಾಳಿ ಹಗುರ. ಹಾಗಾಗಿ ಕೆಳಗೆ ಸಮುದ್ರದ ಮೇಲೆ ಒತ್ತಡ ಕುಸಿಯುತ್ತದೆ, ಗಾಳಿ ಜೋರಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ 55 ಗಿಗಾಹರ್ಟ್ಸ್ ಆವರ್ತನದ ಆಸುಪಾಸಿನಲ್ಲಿ ಸಣ್ಣಗೆ ಮೈಕ್ರೋವೇವ್ ಅಲೆಗಳನ್ನು ಸೂಸುತ್ತಿರುತ್ತದೆ. ಅದನ್ನು ಹಿಡಿದರೆ, ಹಣೆ ಮುಟ್ಟದೆ ಜ್ವರ ನೋಡಿದ ಹಾಗೆ, ಒಳಗಿನ ಬಿಸಿ ತಿಳಿಯುತ್ತದೆ. ಎಷ್ಟು ಬಿಸಿಯೋ ಅಷ್ಟು ಬಲ. 85 ಗಿಗಾಹರ್ಟ್ಸ್ ಸುತ್ತಲಿನ ಅಲೆಗಳದ್ದು ಬೇರೆ ಕೆಲಸ: ಮೋಡದೊಳಗಿನ ಹಿಮಕಣಗಳು ಅವನ್ನು ಚದುರಿಸುವುದರಿಂದ ಕಣ್ಣಿನ ಸುತ್ತಲಿನ ಗೋಡೆ ಕಾಣುತ್ತದೆ.

1975ರಲ್ಲಿ ಹಾರಿದ ಅಮೆರಿಕದ ನಿಂಬಸ್-6 ಉಪಗ್ರಹದ ಮಾಹಿತಿಯಿಂದಲೇ ಇದನ್ನು ಪ್ರಯತ್ನಿಸಿದ್ದರು. ಚಿತ್ರ ತೀರಾ ಒರಟು. 1998ರ ನೋವಾ-15 ಉಪಗ್ರಹದ ಉಪಕರಣ ನಿಜವಾದ ತಿರುವು ತಂದಿತು. ಅದರಲ್ಲೂ ಚಿತ್ರದ ಒಂದು ಚುಕ್ಕೆ ಅಂದರೆ ಸುಮಾರು 48 ಕಿ.ಮೀ. ಅಗಲ. ಕಣ್ಣು ಚಿಕ್ಕದಿದ್ದರೆ ಬಿಸಿ ಆ ಚುಕ್ಕೆಯಲ್ಲೇ ಹರಡಿಹೋಗಿ ಬಲ ಕಡಿಮೆ ತೋರುತ್ತಿತ್ತು.

ಈಗ ಚುಕ್ಕೆ ಚಿಕ್ಕದಾಗಿದೆ. ನನಗೆ ಹೆಚ್ಚು ಚಿಂತೆ ಇರುವುದು ಸಮಯದ್ದು. ಭೂಮಿಯ ಒಂದೇ ಜಾಗದ ಮೇಲೆ ನಿಂತಂತಿರುವ ಭೂಸ್ಥಿರ ಉಪಗ್ರಹ ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸುತ್ತದೆ. ಮೈಕ್ರೋವೇವ್ ಉಪಕರಣಗಳಿರುವುದು ಕೆಳಗಿನ ಕಕ್ಷೆಯಲ್ಲಿ, ಅವು ಬಂದಾಗಷ್ಟೇ ನೋಟ. ಮಧ್ಯೆ ಗಂಟೆಗಟ್ಟಲೆ ಕತ್ತಲು. 2021ರ ಮೇ 16ರಂದು ಗೋವಾ ಕಡಲಲ್ಲಿದ್ದ ತೌಕ್ತೆ ಚಂಡಮಾರುತ, ಮರುದಿನ ಬೆಳಗಿನ ಜಾವಕ್ಕೆ ಇನ್ನೂ ಉಗ್ರವಾಗಿ ಮುಂಬೈ ಪಕ್ಕ ಬಂದಿತ್ತು. ಕಡಲಲ್ಲಿ ಕೆಲಸಗಾರರು ತಂಗಿದ್ದ ಪಿ-305 ಬಾರ್ಜ್ (ಚಪ್ಪಟೆ ತಳದ ಹಡಗು) ಮುಳುಗಿ ಹತ್ತಾರು ಜನ ಸತ್ತರು.

2011ರಲ್ಲಿ ಭಾರತ ಮತ್ತು ಫ್ರಾನ್ಸ್ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಷ್ಣವಲಯದ ಮೇಲೆ ದಿನಕ್ಕೆ ಹಲವು ಸಲ ಹಾಯುತ್ತಿತ್ತು. ಅದರ ಮುಖ್ಯ ಮೈಕ್ರೋವೇವ್ ಉಪಕರಣ 2013ರಲ್ಲೇ ಕೆಟ್ಟಿತು; ಉಪಗ್ರಹವನ್ನು 2023ರ ಮಾರ್ಚ್‌ನಲ್ಲಿ ಕೆಳಗಿಳಿಸಿದರು. ಅದೇ ವರ್ಷ ನಾಸಾ ನಾಲ್ಕು ಪುಟ್ಟ ಉಪಗ್ರಹಗಳನ್ನು ಹಾರಿಸಿ ಸುಮಾರು ಗಂಟೆಗೊಮ್ಮೆ ನೋಡುವ ದಾರಿ ತೋರಿಸಿತು. ಪಶ್ಚಿಮ ಕರಾವಳಿಯ ದೋಣಿಗಳು ದಡ ಸೇರಲು ಗಂಟೆಗಳೇ ಬೇಕು. ಅಂಥ ಸಾಲು ಉಪಗ್ರಹಗಳನ್ನು ನಾವೂ ಹಾರಿಸಲೇಬೇಕು.