ಕಬಡ್ಡಿ ಅಂಕಣಕ್ಕೆ ಮಣ್ಣು ಹೊತ್ತವರು

ಯುವಕ ಸಂಘದ ಹುಡುಗರು ಚಂದಾ ಎತ್ತಿ, ತಾವೇ ಮಣ್ಣು ಹೊತ್ತು ಕಬಡ್ಡಿ ಅಂಕಣ ಮಾಡಿಕೊಂಡ ಊರುಗಳು ಕಲಬುರಗಿ ಜಿಲ್ಲೆಯಲ್ಲಿ ಕಡಿಮೆಯೇನಲ್ಲ. ಅಂಕಣ ಆದ ಮೇಲೆ ತಕರಾರುಗಳೂ ಏಳುತ್ತವೆ. ಸರ್ಕಾರದ ಅನುದಾನ ಯಾಕೆ ಬರುವುದಿಲ್ಲ? ಬಂದರೂ ಕಾಂಪೌಂಡ್ ಗೋಡೆಗೇ ಯಾಕೆ ಖರ್ಚಾಗುತ್ತದೆ? ಎರಡು ಮಳೆಗಾಲ ಕಳೆಯುವುದರೊಳಗೆ ನೆಲ ಯಾಕೆ ಬಿರಿಯುತ್ತದೆ? ಮ್ಯಾಟ್ ಇಡುವ ಕೋಣೆಯ ಕೀಲಿ ಯಾರ ಹತ್ತಿರ ಇರಬೇಕು? ಇವನ್ನು ಬಿಡಿಸಿ ನೋಡಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಿಜಾಮರ ಕಾಲಕ್ಕೆ ಹಳ್ಳಿಯ ಆಟದ ಜಾಗವೆಂದರೆ ತಾಲೀಮು (ಗರಡಿಮನೆ), ಜಾತ್ರೆಯ ಕುಸ್ತಿ ಕಣ, ರಾಶಿ ಮುಗಿದು ಖಾಲಿ ಬಿದ್ದ ಹೊಲ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1949ರಲ್ಲಿ ಜಾಗೀರುಗಳು ರದ್ದಾದವು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಹೊಲಗಳ ಲೆಕ್ಕ ಹಲವು ಸಲ ತಿದ್ದಿ ಬರೆದರೂ ಹುಡುಗರು ಆಡುವ ಜಾಗ ಗಾಯರಾಣವಾಗಿಯೋ (ದನ ಮೇಯುವ ಸಾರ್ವಜನಿಕ ಜಾಗ), ಗುಡಿಯ ಬಯಲಾಗಿಯೋ, ಶಾಲೆಯ ಅಂಗಳವಾಗಿಯೋ ಹಾಗೇ ಉಳಿಯಿತು. ನಗರಕ್ಕೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿದೆ, ಎನ್‌.ವಿ. ಮೈದಾನವಿದೆ. ಹಳ್ಳಿಗೆ ಇದ್ದದ್ದು ಬಯಲು ಮಾತ್ರ. 1960ರ ಸಂಘಗಳ ನೋಂದಣಿ ಕಾಯ್ದೆ ಬಂದ ಮೇಲೆ ಯುವಕ ಸಂಘಗಳು ನೋಂದಣಿಯಾದವು. 1972ರಿಂದ ನೆಹರು ಯುವ ಕೇಂದ್ರಗಳು ಅವಕ್ಕೆ ಬೆನ್ನು ತಟ್ಟಿದವು. ಸಂಘಕ್ಕೆ ಹೆಸರು, ಮೊಹರು, ಅಧ್ಯಕ್ಷ, ಖಜಾಂಚಿ ಎಲ್ಲ ಬಂದರು. ಜಾಗ ಮಾತ್ರ ಸಂಘದ್ದಾಗಲಿಲ್ಲ.

ಕಥೆಗೆ ತಿರುವು ಸಿಕ್ಕದ್ದು 2014ರಲ್ಲಿ. ಆ ವರ್ಷ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಮಣ್ಣಿನಲ್ಲಿ ಮೊಣಕಾಲು ಕೆತ್ತಿಸಿಕೊಂಡು ಆಡುತ್ತಿದ್ದ ಆಟವನ್ನು ಹುಡುಗರು ಟಿವಿಯಲ್ಲಿ ಬಣ್ಣದ ಮ್ಯಾಟ್ ಮೇಲೆ, ದೀಪದ ಬೆಳಕಿನಲ್ಲಿ ಕಂಡರು. ಊರೂರಿಗೆ ಹೊನಲು ಬೆಳಕಿನ ಪಂದ್ಯಾವಳಿಯ ಬ್ಯಾನರ್ ಬಂತು. ದೊಡ್ಡ ಪಂದ್ಯಗಳು ಮ್ಯಾಟ್ ಮೇಲೆ ನಡೆಯತೊಡಗಿದಾಗ, ಮಣ್ಣಿನಲ್ಲೇ ಪಳಗಿದ ಹುಡುಗ ಅಲ್ಲಿ ಬೂಟು ಹಾಕಿಕೊಂಡು ಕಾಲಿಟ್ಟರೆ ಹಿಡಿತ ಸಿಗದೆ ತಡವರಿಸುತ್ತಿದ್ದ. ಸಂಘಗಳು ಅಂಕಣ ಸುಧಾರಿಸಲು ಟೊಂಕ ಕಟ್ಟಿದ್ದು ಶೋಕಿಗಲ್ಲ.

ಮ್ಯಾಟ್ ಹಾಸಲು ಮೊದಲು ಗಟ್ಟಿ, ಸಮತಟ್ಟಾದ ನೆಲ ಬೇಕು. ಕಲಬುರಗಿಯ ಕಷ್ಟ ಇಲ್ಲಿಂದಲೇ ಶುರು. ಎರೆ ಭೂಮಿ ತೊಗರಿಗೆ ತಾಯಿ ಇದ್ದಂತೆ, ಅಂಕಣಕ್ಕೆ ಮಾತ್ರ ಆಗಿಬರುವುದಿಲ್ಲ. ಮಳೆ ಬಿದ್ದರೆ ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಮೊದಲು ಮೂಲೆ ಏಳುತ್ತದೆ, ಆಮೇಲೆ ನಡುವೆ ಸೀಳುತ್ತದೆ. ಹೀಗೆ ಹಣ ಕಳೆದುಕೊಂಡ ಮೇಲೆಯೇ ಎಷ್ಟೋ ಕಡೆ ಮೇಸ್ತ್ರಿಗಳ ಮಾತಿಗೆ ಬೆಲೆ ಬಂತು: ಎರೆ ತೆಗೆಯಿರಿ, ಮುರುಮು (ಹರಳು ಬೆರೆತ ಗಡಸು ಮಣ್ಣು) ತುಂಬಿರಿ.

ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತ ಒಂದೊಂದು ಮೀಟರ್ ಬಿಟ್ಟು 15ಕ್ಕೆ 12 ಮೀಟರ್ ಹಿಡಿದು ಅರ್ಧ ಮೀಟರ್ ಅಗೆದರೆ ಹೊರಬೀಳುವ ಮಣ್ಣು 90 ಘನ ಮೀಟರ್, ಅಂದರೆ ನೂರು ಘನ ಅಡಿಗೆ ಒಂದರಂತೆ ಮೂವತ್ತು ಬ್ರಾಸಿಗೂ ಮೇಲೆ. ಒಂದು ಟ್ರ್ಯಾಕ್ಟರ್ ಟ್ರಾಲಿಗೆ ಹೆಚ್ಚುಕಡಿಮೆ ಒಂದು ಬ್ರಾಸ್ ಎಂದರೂ ಅಷ್ಟು ಟ್ರಿಪ್ ಮಣ್ಣು ಹೊರಗೆ ಹೋಗಬೇಕು, ಅದಕ್ಕಿಂತ ಹೆಚ್ಚು ಮುರುಮು ಒಳಗೆ ಬರಬೇಕು, ಯಾಕೆಂದರೆ ರೋಲರ್ ಎಳೆದಂತೆ ಮುರುಮು ಕೂರುತ್ತದೆ. ತೆಗೆದ ಎರೆಯನ್ನು ಮರಡಿ (ಕಲ್ಲುನೆಲದ) ಹೊಲದವರು ಸಂತೋಷದಿಂದ ಒಯ್ಯುತ್ತಾರೆ, ಬದಲಿಗೆ ಅವರ ಟ್ರ್ಯಾಕ್ಟರ್ ನಾಲ್ಕು ಟ್ರಿಪ್ ಮುರುಮು ತಂದು ಹಾಕುತ್ತದೆ. ಜೆಸಿಬಿಯವನು ಡೀಸೆಲ್ ಹಾಕಿಸಿದರೆ ಸಾಕು ಎನ್ನುತ್ತಾನೆ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು ಫೋನಿನಲ್ಲೇ ಹಣ ಹಾಕುತ್ತಾರೆ, ಯುಗಾದಿಗೆ ಬಂದಾಗ ಬುಟ್ಟಿಯನ್ನೂ ಹೊರುತ್ತಾರೆ. ತೊಗರಿ ರಾಶಿ ಮುಗಿದ ಮೇಲೆ ಶುರುವಾಗಿ ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಮುಗಿಯಬೇಕಾದ ಕೆಲಸ ಇದು. ಬಿಸಿಲಿಗೆ ಅಂಜಿ ನಸುಕಿನಲ್ಲೇ ಹಾರೆ ಹಿಡಿಯುತ್ತಾರೆ. ಒಂದು ಪದರ ಮುರುಮು, ನೀರು, ರೋಲರ್, ಮತ್ತೆ ಒಂದು ಪದರ. ದಾರ ಎಳೆದು ಮಟ್ಟ ನೋಡುವುದು, ಎಲ್ಲಿ ನೀರು ನಿಲ್ಲುತ್ತದೋ ಅಲ್ಲಿ ಇನ್ನೊಂದು ಬುಟ್ಟಿ. ಈ ತಾಳ್ಮೆಯನ್ನು ಯಾವ ಗುತ್ತಿಗೆಯಿಂದಲೂ ನಿರೀಕ್ಷಿಸುವುದು ಕಷ್ಟ.

ಇಷ್ಟು ಮಾಡಿ ಕಾಗದ ಹಿಡಿದು ಕಚೇರಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ: ಜಾಗ ಯಾರ ಹೆಸರಲ್ಲಿ ಅದ? ಪಹಣಿಯಲ್ಲಿ ಸಂಘದ ಹೆಸರಿಲ್ಲ. ವಿದ್ಯುತ್ ಮೀಟರಿಗೂ ಜಾಗದ ದಾಖಲೆ ಬೇಕು, ಹಾಗಾಗಿ ಫ್ಲಡ್‌ಲೈಟಿಗೆ ಶಾಲೆಯಿಂದಲೋ ಗುಡಿಯಿಂದಲೋ ವೈರ್ ಎಳೆಯುತ್ತಾರೆ. ಬಿಲ್ ಬಂದ ತಿಂಗಳು ಜಗಳವೂ ಬರುತ್ತದೆ.

ನರೇಗಾ ಕಾಮಗಾರಿಗಳಲ್ಲಿ ಆಟದ ಮೈದಾನವೂ ಸೇರಿದಾಗ ಒಂದು ದಾರಿ ತೆರೆದಂತಾಗಿತ್ತು. ಪಂಚಾಯಿತಿಯ ಅಥವಾ ಶಾಲೆಯ ಜಾಗವಾದರೆ ನೆಲ ಹದ ಮಾಡುವ ಕೂಲಿ ಅಲ್ಲಿಂದಲೇ ಸಿಗಬಹುದಿತ್ತು. ಆದರೆ ಮೊದಲು ಕ್ರಿಯಾಯೋಜನೆ, ಮಂಜೂರಾತಿ, ಹಾಜರಿ ಪಟ್ಟಿ, ಆಮೇಲೆ ಕೆಲಸ ಎಂಬುದು ಅದರ ನಿಯಮವಾಗಿತ್ತು. ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ, ಕೂಲಿಯವರ ಕೆಲಸ ಕಸಿಯುವ ಯಂತ್ರ ಆದಷ್ಟು ಬಳಸುವಂತಿರಲಿಲ್ಲ. ಮೊದಲೇ ಜೆಸಿಬಿ ತರಿಸಿ ಶ್ರಮದಾನ ಮುಗಿಸಿದ ಸಂಘಕ್ಕೆ ಅದರಿಂದ ಒಂದು ರೂಪಾಯಿಯೂ ದಕ್ಕುವಂತಿರಲಿಲ್ಲ. ನಿಯಮ ತಪ್ಪೆನ್ನಲಾಗದು, ಹುಡುಗರ ಉತ್ಸಾಹವೂ ತಪ್ಪಲ್ಲ. ಎರಡರ ನಡುವೆ ಸಕಾಲಕ್ಕೆ ಒಂದು ಮಾತು ಹೇಳುವವರು ಬೇಕಿತ್ತು.

ಹಣವೇ ಇಲ್ಲವೆಂದಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ನಂತರ 2013ರಲ್ಲಿ ರಚನೆಯಾದ, ಈಗ ಕಲ್ಯಾಣ ಕರ್ನಾಟಕದ ಹೆಸರಿನ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ ಘೋಷಣೆಯಾದದ್ದು 5,000 ಕೋಟಿ ರೂಪಾಯಿ. ದೊಡ್ಡ ಅನುದಾನ ಬರುವುದು ಕಾಮಗಾರಿಯ ರೂಪದಲ್ಲಿ. ಗೋಡೆ, ಗ್ಯಾಲರಿ, ವೇದಿಕೆಯನ್ನು ಅಳತೆ ಪುಸ್ತಕದಲ್ಲಿ ಬರೆಯಬಹುದು. ವಾರವಾರ ನೀರು ಹೊಡೆದು ರೋಲರ್ ಎಳೆಯುವುದನ್ನು, ಒಂದು ಮೀಟರ್ ಚೌಕದ 130 ಮ್ಯಾಟ್ ತುಂಡುಗಳನ್ನು ಮಳೆ ಬರುವ ಮೊದಲು ಬಿಚ್ಚಿ ಒಳಗಿಟ್ಟು ಇಲಿಯಿಂದ ಕಾಯುವುದನ್ನು ಎಲ್ಲಿ ಬರೆಯುವುದು? ಅದು ಹುಡುಗರ ಪಾಲಿಗೇ ಉಳಿಯುತ್ತದೆ. ಅವರಲ್ಲಿ ನಾಲ್ವರಿಗೆ ಪುಣೆಯಲ್ಲಿ ಕೆಲಸ ಸಿಕ್ಕರೆ ಅಂಕಣದಲ್ಲಿ ಜಾಲಿ ಬೆಳೆಯುತ್ತದೆ.

ಇನ್ನೊಂದು ಸಂಗತಿಗೆ ಈ ಗದ್ದಲದಲ್ಲಿ ಸಲ್ಲಬೇಕಾದ ಗಮನ ಸಂದಿಲ್ಲ. ಹೆಣ್ಣುಮಕ್ಕಳ ಅಂಕಣ 12ಕ್ಕೆ 8 ಮೀಟರ್, ಅದೇ ಮ್ಯಾಟಿನಲ್ಲಿ ಗೆರೆ ಬದಲಿಸಿದರೆ ಆಯಿತು. ನಿಜವಾದ ಅಡ್ಡಿ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ. ಅತಿಥಿಗಳ ವೇದಿಕೆಗೆ ಸಿಗುವ ಸಿಮೆಂಟು ಮೊದಲು ಇವಕ್ಕೆ ಸಿಗಬೇಕಿತ್ತು. ಹೈಸ್ಕೂಲು ಮುಗಿಯುತ್ತಲೇ ಆಟ ಬಿಡುವ ಹುಡುಗಿಯರಿಗೆ ಆಗ ಒಂದು ನೆಪವಾದರೂ ಕಡಿಮೆಯಾಗುತ್ತಿತ್ತು.

ಗುದ್ದಲಿ ಹಿಡಿಯುವ ಮೊದಲೇ ಗ್ರಾಮಸಭೆಯಲ್ಲಿ ಠರಾವು ಮಾಡಿಸಿಕೊಂಡರೆ ಇವುಗಳಲ್ಲಿ ಅರ್ಧ ಗಂಟು ಬಿಚ್ಚುತ್ತದೆ. ಜಾಗ ಪಂಚಾಯಿತಿಯದೇ ಇರಲಿ, ಮೈದಾನವೆಂದು ದಾಖಲಾಗಲಿ, ನೋಡಿಕೊಳ್ಳುವ ಹೊಣೆ ಸಂಘದ್ದೆಂದು ಬರೆದಿರಲಿ. ಮೀಟರ್ ಪಂಚಾಯಿತಿ ಹೆಸರಲ್ಲಿ, ಬಿಲ್ ಸಂಘದ ಲೆಕ್ಕದಲ್ಲಿ. ಮ್ಯಾಟ್ ಕೋಣೆಗೆ ಎರಡು ಕೀಲಿ, ಒಂದು ಸಂಘಕ್ಕೆ, ಒಂದು ಶಾಲೆಗೆ. ಹುಡುಗಿಯರು ಆಡುವ ಹೊತ್ತೂ ಅದೇ ಠರಾವಿನಲ್ಲಿ ಸೇರಬೇಕು. ಬಾಯಿಮಾತಿನಲ್ಲಿ ಬಿಟ್ಟರೆ ಪಂದ್ಯಾವಳಿ ಹತ್ತಿರ ಬಂದ ವಾರವೇ ಅವರ ಸಮಯ ಹುಡುಗರಿಗೆ ಹೋಗುತ್ತದೆ.