ಕೊನೆಯ ಗಳಿಗೆಯಲ್ಲಿ ಕ್ಷಮೆ ಕೇಳಿದರೆ ಸಾಕೆ?

ಪ್ರಶ್ನೆ: ಬದುಕಿಡೀ ಕೊಲೆ ಸುಲಿಗೆ ಮಾಡಿಕೊಂಡು ಬಂದವನು ಸಾಯುವ ಮುನ್ನ ಯೇಸುವನ್ನು ನಂಬಿ ಪಶ್ಚಾತ್ತಾಪಪಟ್ಟರೆ ದೇವರ ಕೃಪೆಯಿಂದ ಅವನಿಗೆ ಸ್ವರ್ಗ ಎನ್ನುತ್ತೀರಿ. ಯಾರಿಗೂ ಕೇಡು ಬಗೆಯದೆ ಬಾಳಿದವನಿಗೂ ಅದೇ ಸ್ವರ್ಗ. ಇದು ಯಾವ ಸೀಮೆಯ ನ್ಯಾಯ? ಹಾಗಾದರೆ ಮನಸ್ಸಿಗೆ ಬಂದಂತೆ ಬದುಕಿ, ಕಡೆಗೊಮ್ಮೆ ಕ್ಷಮೆ ಕೇಳಿಬಿಟ್ಟರೆ ಮುಗಿಯಿತಲ್ಲ?

ಉತ್ತರ: ಕ್ರೈಸ್ತರಲ್ಲದವರು ಇದನ್ನು ನೇರವಾಗಿ ಕೇಳುತ್ತಾರೆ. ಚರ್ಚಿನೊಳಗೆ ಕುಳಿತವರೂ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ. ಸುತ್ತಿ ಬಳಸದೆ ಹೇಳುವುದಾದರೆ, ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ‘ಹೌದು’. ಕೊನೆಯ ಗಳಿಗೆಯಲ್ಲಿ ತಿರುಗಿ ಬಂದವನಿಗೂ ದೇವರ ಕೃಪೆ ಪೂರ್ತಿಯಾಗಿ ಸಿಗುತ್ತದೆ ಎಂದೇ ಕ್ರೈಸ್ತ ನಂಬಿಕೆ ಹೇಳುತ್ತದೆ. ಅದನ್ನು ಮೆದುಗೊಳಿಸಿ ಹೇಳಹೊರಟರೆ ಆ ನಂಬಿಕೆಯ ಬುಡವೇ ಅಲುಗಾಡುತ್ತದೆ. ಎರಡನೆಯ ಭಾಗಕ್ಕೆ ಉತ್ತರ ‘ಇಲ್ಲ’. ಅದೇಕೆ ಎನ್ನುವುದನ್ನು ತುಸು ಬಿಡಿಸಿ ಹೇಳಬೇಕು.

‘ಮಾಡಿದ್ದುಣ್ಣೋ ಮಹರಾಯ’ ಎಂದು ಕೇಳಿ ಬೆಳೆದವರು ನಾವು. ಬಿತ್ತಿದ್ದನ್ನೇ ಕೊಯ್ಯಬೇಕು ಎಂಬ ಮಾತು ಬೈಬಲಿನಲ್ಲಿಯೂ ಇದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದನ್ನು ಬರೆದವನು ಯೇಸುವಿನ ಅಪೊಸ್ತಲ, ಅಂದರೆ ಸಂದೇಶ ಸಾರಲು ಹೊರಟ ಪೌಲ, ಕೃಪೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಬರೆದ ಅದೇ ಪೌಲ. ಯೇಸುವನ್ನು ನಂಬಿದ್ದಕ್ಕೆ ಮೊದಲು ಹುತಾತ್ಮನಾದ ಸ್ತೆಫನನನ್ನು ಕಲ್ಲೆಸೆದು ಕೊಲ್ಲುವಾಗ ಕೊಲ್ಲುವವರ ಬಟ್ಟೆ ಕಾಯುತ್ತ ನಿಂತಿದ್ದ ಯುವಕ ಕೂಡ ಇವನೇ. ಕರ್ಮಕ್ಕೆ ಫಲವಿಲ್ಲ ಎಂದು ಇಂಥವನು ಹೇಳಲಾರ. ಅವನು ಹೇಳುವುದು ಬೇರೆ: ದೇವರೊಂದಿಗಿನ ಸಂಬಂಧವನ್ನು ದುಡಿದು ಗಳಿಸಲು ಆಗುವುದಿಲ್ಲ, ಅದನ್ನು ದೇವರೇ ಕೊಡಬೇಕು, ಕೊಟ್ಟಿದ್ದನ್ನು ನಂಬಿ ತೆಗೆದುಕೊಳ್ಳಬೇಕು. ಗಳಿಕೆಯೇ ಅಲ್ಲದ ಮೇಲೆ ‘ನನಗೆ ಹೆಚ್ಚು, ಅವನಿಗೆ ಕಡಿಮೆ’ ಎಂಬ ಲೆಕ್ಕಕ್ಕೆ ಅಲ್ಲಿ ಪುಸ್ತಕವೇ ಇರುವುದಿಲ್ಲ.

ಈ ಸಿಟ್ಟು ಯೇಸುವಿಗೆ ಗೊತ್ತಿತ್ತು. ಅದನ್ನೇ ಎತ್ತಿಕೊಂಡು ಒಂದು ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಹೇಳಿದ್ದಾನೆ (ಯೇಸುವಿನ ಬದುಕನ್ನು ಬರೆದ ನಾಲ್ವರಲ್ಲಿ ಒಬ್ಬನಾದ ಮತ್ತಾಯ, 20ನೇ ಅಧ್ಯಾಯ). ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ಹೋಗಿ ದಿನಕ್ಕೊಂದು ಬೆಳ್ಳಿ ನಾಣ್ಯ ಎಂದು ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇರುತ್ತಾರೆ. ಯಾಕೆ ಎಂದರೆ, ಯಾರೂ ಕರೆಯಲಿಲ್ಲ ಎನ್ನುತ್ತಾರೆ. ಕತ್ತಲಾದ ಮೇಲೆ ಕೂಲಿ ಬಟವಾಡೆ. ಐದಕ್ಕೆ ಬಂದವರಿಗೂ ಒಂದು ನಾಣ್ಯ, ಬೆಳಗಿನಿಂದ ಬಿಸಿಲಲ್ಲಿ ಬೆಂದವರಿಗೂ ಒಂದು ನಾಣ್ಯ. ಬೆಳಗಿನವರು ಗೊಣಗುತ್ತಾರೆ.

ಬೆಂಗಳೂರು, ಹುಬ್ಬಳ್ಳಿಯ ವೃತ್ತಗಳಲ್ಲಿ ಬೆಳಗ್ಗೆ ಬುತ್ತಿ ಹಿಡಿದು ನಿಲ್ಲುವ ಗಾರೆ ಕೆಲಸದವರನ್ನು ಕಂಡವರಿಗೆ ಈ ಸಾಮ್ಯ ಬೇಗ ಅರ್ಥವಾಗಬೇಕು. ಮೇಸ್ತ್ರಿ ಮೊದಲು ಆರಿಸುವುದು ಗಟ್ಟಿಮುಟ್ಟಾದವರನ್ನು. ಹೊತ್ತು ಏರಿದರೂ ನಿಂತೇ ಇರುವವರು ವಯಸ್ಸಾದವರು, ಕೈಕಾಲು ಸೋತವರು. ಆ ಕಾಲದಲ್ಲಿ ಒಂದು ಬೆಳ್ಳಿ ನಾಣ್ಯವೆಂದರೆ ಒಂದು ದಿನದ ಕೂಲಿ. ಅದರಲ್ಲಿ ಪಾಲು ಕತ್ತರಿಸಿದರೆ ಐದಕ್ಕೆ ಬಂದವನ ಮನೆಯಲ್ಲಿ ಅಂದು ಒಲೆ ಉರಿಯುವುದು ಅನುಮಾನ. ಬೆಳಗಿನವರಿಗೆ ಒಪ್ಪಂದದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ ಎಂಬುದನ್ನೂ ಗಮನಿಸಿ. ಅವರ ದೂರು ತಮಗೆ ಸಿಕ್ಕಿದ್ದರ ಬಗ್ಗೆ ಅಲ್ಲವೇ ಅಲ್ಲ, ಪಕ್ಕದವನಿಗೆ ಸಿಕ್ಕಿದ್ದರ ಬಗ್ಗೆ. ‘ನಾನು ಒಳ್ಳೆಯವನಾಗಿರುವುದು ನಿನ್ನ ಕಣ್ಣಿಗೆ ಚುಚ್ಚುತ್ತದೆಯೇ’ ಎಂಬರ್ಥದಲ್ಲಿ ಯಜಮಾನ ಕೇಳುತ್ತಾನೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಅನೇಕರಿಗೆ ಚುಚ್ಚುತ್ತದೆ.

ಇನ್ನು ಕೊನೆಯ ಗಳಿಗೆಯ ಮಾತು ಬಂದಾಗಲೆಲ್ಲ ಎಲ್ಲರೂ ಬೆರಳು ತೋರುವ ಆ ಕಳ್ಳನ ಸಂಗತಿ. ಯೇಸುವಿನ ಎಡಬಲಕ್ಕೆ ಇಬ್ಬರು ದುಷ್ಕರ್ಮಿಗಳನ್ನು ಶಿಲುಬೆಗೇರಿಸಿದ್ದರು. ಒಬ್ಬ ಹಂಗಿಸುತ್ತಾನೆ. ಇನ್ನೊಬ್ಬ ಅವನನ್ನು ಗದರಿಸಿ, ನಮಗಾಗಿರುವ ಶಿಕ್ಷೆ ನ್ಯಾಯವಾದದ್ದೇ, ಈತ ಮಾತ್ರ ಏನೂ ತಪ್ಪು ಮಾಡಿಲ್ಲ ಎನ್ನುತ್ತಾನೆ. ನಿನ್ನ ರಾಜ್ಯಕ್ಕೆ ಬಂದಾಗ ನನ್ನನ್ನು ನೆನೆಸಿಕೋ ಎಂದು ಯೇಸುವನ್ನು ಬೇಡುತ್ತಾನೆ. ಈ ದಿನವೇ ನನ್ನ ಸಂಗಡ ಪರದೈಸಿನಲ್ಲಿರುವೆ ಎಂಬ ಉತ್ತರ ಬರುತ್ತದೆ. ಇದು ಲೂಕನ 23ನೇ ಅಧ್ಯಾಯ. ಕಳ್ಳರಿಬ್ಬರೂ ಹಂಗಿಸಿದರು ಎಂದೇ ಮತ್ತಾಯನೂ ಮಾರ್ಕನೂ ಬರೆದಿರುವುದರಿಂದ, ಇವನೂ ಮೊದಲು ಹಂಗಿಸಿ ಆಮೇಲೆ ಮನಸ್ಸು ತಿರುಗಿಸಿದ ಎಂದು ಹಳೆಯ ವ್ಯಾಖ್ಯಾನಕಾರರು ಹೊಂದಿಸಿಕೊಂಡಿದ್ದಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧವೇ. ಅವನು ತನ್ನನ್ನು ಕೆಳಗಿಳಿಸು ಎಂದು ಕೇಳಲಿಲ್ಲ. ಹಾಗೆ ಕೇಳಿದವನು ಹಂಗಿಸಿದವನು. ಕೃಪೆ ಸಿಕ್ಕ ಮೇಲೂ ಅವನನ್ನು ಯಾರೂ ಇಳಿಸಲಿಲ್ಲ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಹೆಣಗಳು ಶಿಲುಬೆಯ ಮೇಲೆ ಇರಬಾರದೆಂದು ಸೈನಿಕರು ಸಂಜೆ ಬಂದು, ಬೇಗ ಸಾಯಲೆಂದು ಇಬ್ಬರು ಕಳ್ಳರ ಕಾಲುಗಳನ್ನೂ ಮುರಿದರು ಎಂದು ಯೋಹಾನ ಬರೆಯುತ್ತಾನೆ. ಸ್ವರ್ಗದ ಮಾತು ಕೊಡಲಾದವನ ಕಾಲನ್ನೂ ಮುರಿದರು. ತಪ್ಪೊಪ್ಪಿಕೊಂಡ ಅಪರಾಧಿಗೆ ನ್ಯಾಯಾಲಯದ ಶಿಕ್ಷೆಯನ್ನು ತಪ್ಪಿಸುವ ಕೀಲಿಕೈಯಾಗಿ ಕೃಪೆಯನ್ನು ಬಳಸುವವರು ಈ ಒಂದು ಸಾಲನ್ನು ಓದಿರುವುದಿಲ್ಲ ಎಂದು ನನ್ನ ಅನುಮಾನ.

‘ಮನಸ್ಸಿಗೆ ಬಂದಂತೆ ಬದುಕಿ ಕೊನೆಗೆ ಕೇಳಿದರಾಯಿತು’ ಎಂಬ ಲೆಕ್ಕಾಚಾರವೂ ಹೊಸದಲ್ಲ. ಕೃಪೆ ಹೆಚ್ಚಲೆಂದು ಪಾಪದಲ್ಲೇ ಮುಂದುವರಿಯೋಣವೇ ಎಂಬ ಪ್ರಶ್ನೆಯನ್ನು ಪೌಲ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ತಾನೇ ಎತ್ತಿ, ಎಂದಿಗೂ ಕೂಡದು ಎಂದು ಕಡ್ಡಿ ಮುರಿದಂತೆ ಹೇಳಿದ್ದಾನೆ. ಜನ ಕೇಳಲಿಲ್ಲ. ನಾಲ್ಕನೆಯ ಶತಮಾನದಲ್ಲಿ ದೀಕ್ಷಾಸ್ನಾನವನ್ನು, ಅಂದರೆ ಕ್ರೈಸ್ತನಾಗುವಾಗ ನೀರಿನಿಂದ ಮಾಡುವ ವಿಧಿಯನ್ನು, ಮುಂದೂಡುವುದೇ ಒಂದು ವಾಡಿಕೆಯಾಗಿತ್ತು: ಅದರಿಂದ ಹಿಂದಿನ ಪಾಪವೆಲ್ಲ ತೊಳೆದುಹೋಗುವುದಾದರೆ ತಡವಾದಷ್ಟೂ ಒಳ್ಳೆಯದಲ್ಲವೇ? ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 326ರಲ್ಲಿ ಸ್ವಂತ ಮಗ ಕ್ರಿಸ್ಪಸ್‌ನನ್ನು ಕೊಲ್ಲಿಸಿದವನು. ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವು ಹತ್ತಿರ ಬಂದಾಗ. ಅವನ ಮನಸ್ಸಿನಲ್ಲಿ ಏನಿತ್ತೋ ಅವನಿಗೇ ಗೊತ್ತು. ತನಗೆ ಇಂದ್ರಿಯನಿಗ್ರಹ ಕೊಡು, ಆದರೆ ಈಗಲೇ ಬೇಡ ಎಂದು ಯೌವನದಲ್ಲಿ ಪ್ರಾರ್ಥಿಸುತ್ತಿದ್ದುದಾಗಿ, ಮುಂದೆ ಬಿಷಪನೂ ಸಂತನೂ ಆದ ಅಗಸ್ಟೀನ್ ತಾನೇ ಬರೆದುಕೊಂಡಿದ್ದಾನೆ. ಅವನಿಗೆ ಮಿಲಾನ್ ನಗರದಲ್ಲಿ ದೀಕ್ಷಾಸ್ನಾನವಾದದ್ದು 387ರಲ್ಲಿ. ಮುಂದೂಡಬೇಡಿ ಎಂದು ಆ ಕಾಲದ ಬಿಷಪರು ಬೋಧನೆಯ ಮೇಲೆ ಬೋಧನೆ ಮಾಡಬೇಕಾಯಿತು.

ಈ ಲೆಕ್ಕಾಚಾರದ ದೋಷ ಸಾವು ಯಾವಾಗ ಬರುತ್ತದೋ ಗೊತ್ತಿಲ್ಲ ಎಂಬುದಷ್ಟೇ ಅಲ್ಲ. ಪಶ್ಚಾತ್ತಾಪವೆಂದರೆ ಮಾಡಿದ್ದನ್ನು ಹೇಸಿ ಅದರಿಂದ ತಿರುಗುವುದು. ನಲವತ್ತು ವರ್ಷ ಒಂದು ಕೇಡನ್ನು ಸವಿದು, ಅದನ್ನು ಹೇಸುವ ದಿನವನ್ನು ಮೊದಲೇ ಗೊತ್ತುಮಾಡಿಟ್ಟುಕೊಂಡವನಿಗೆ ಆ ದಿನ ಹೇಸಿಗೆ ಎಲ್ಲಿಂದ ಹುಟ್ಟಬೇಕು? ಕಳ್ಳ ಯಾವ ಯೋಜನೆಯನ್ನೂ ಹಾಕಿಕೊಂಡು ಶಿಲುಬೆ ಏರಿದವನಲ್ಲ. ಜರ್ಮನಿಯ ಪಾದ್ರಿ ಡೀಟ್ರಿಶ್ ಬೊನ್‌ಹೋಫರ್ 1937ರಲ್ಲಿ ‘ಅಗ್ಗದ ಕೃಪೆ’ ಎಂದು ಜರೆದದ್ದು ಇದನ್ನೇ: ಬದುಕು ಬದಲಾಗದೆ ಕ್ಷಮೆ ಮಾತ್ರ ಬೇಕೆನ್ನುವುದನ್ನು. ಹಿಟ್ಲರನನ್ನು ವಿರೋಧಿಸಿದ ಆತನನ್ನು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಲಾಯಿತು.

ಕೃಪೆ ಸಿಕ್ಕ ಮನುಷ್ಯ ಹೇಗೆ ಬದಲಾಗುತ್ತಾನೆ? ಚರ್ಚಿನ ವೇದಿಕೆಗಳಲ್ಲಿ ಕೇಳಿಬರುವ ಸಾಕ್ಷಿಗಳಲ್ಲಿ ನಿನ್ನೆಯ ಕುಡುಕ ಇಂದು ಸಂತ. ನನಗೆ ಹೆಚ್ಚು ನಂಬಿಕೆ ಹುಟ್ಟಿಸುವುದು ಜಾನ್ ನ್ಯೂಟನ್‌ನ ಬದುಕು, ಏಕೆಂದರೆ ಅದು ಮುಜುಗರ ತರುವಷ್ಟು ನಿಧಾನ. 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ನಾವಿಕ ಬಾಯಿ ಬಿಟ್ಟರೆ ದೇವದೂಷಣೆ ಎಂದು ಹೆಸರಾಗಿದ್ದವನು. 1748ರ ಮಾರ್ಚ್‌ನಲ್ಲಿ ಗ್ರೇಹೌಂಡ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ನೀರು ನುಗ್ಗಿದಾಗ ದೇವರ ಕರುಣೆಯನ್ನು ಬೇಡಿದ. ಆ ದಿನವನ್ನು ಮುಂದೆ ಪ್ರತಿವರ್ಷ ನೆನೆಯುತ್ತಿದ್ದ. ‘ಅಮೇಜಿಂಗ್ ಗ್ರೇಸ್’ ಎಂದು ಜಗತ್ತೆಲ್ಲ ಹಾಡುವ ಗೀತೆ ಬರೆದವನು ಇವನೇ.

ಆದರೆ ಆ ಬಿರುಗಾಳಿಯ ನಂತರವೇ ಅವನು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದ. ಆಫ್ರಿಕದ ಕರಾವಳಿಯಿಂದ ಅಟ್ಲಾಂಟಿಕ್ ದಾಟಿಸುವ ಮೂರು ಪ್ರಯಾಣಗಳನ್ನು ಅವನೇ ನಡೆಸಿದ. ಕೆಳಗೆ ಮನುಷ್ಯರು ಸರಪಳಿಯಲ್ಲಿದ್ದರು. ಮೇಲೆ ಕಪ್ತಾನ ಭಾನುವಾರ ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. 1754ರಲ್ಲಿ ಸಮುದ್ರ ಬಿಟ್ಟದ್ದು ಕೂಡ ಮನಸ್ಸಾಕ್ಷಿ ಚುಚ್ಚಿ ಅಲ್ಲ, ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದದ್ದರಿಂದ. 1764ರಲ್ಲಿ ಓಲ್ನಿ ಎಂಬ ಊರಿನಲ್ಲಿ ಪಾದ್ರಿಯಾದ. ಆ ಗೀತೆ ಅಲ್ಲಿನ 1773ರ ಹೊಸವರ್ಷದ ಬೋಧನೆಗಾಗಿ ಬರೆದದ್ದು. ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಅಂದರೆ ಬಿರುಗಾಳಿ ಕಳೆದು ನಲವತ್ತು ವರ್ಷಕ್ಕೆ. ತನ್ನ ತಪ್ಪೊಪ್ಪಿಗೆ ತೀರಾ ತಡವಾಗಿ ಬಂದಿದೆ ಎಂದು ಆ ಕಿರುಹೊತ್ತಗೆಯಲ್ಲಿ ಅವನೇ ಹೇಳಿಕೊಂಡ. ಹಡಗಿನೊಳಗೆ ಜನರನ್ನು ಹೇಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರು ಎಂಬುದನ್ನು ಬಿಡಿಸಿಟ್ಟ; ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದ. ಆ ವ್ಯಾಪಾರವನ್ನು ನಿಷೇಧಿಸುವ ಕಾನೂನು ಬಂದದ್ದು 1807ರ ಮಾರ್ಚ್‌ನಲ್ಲಿ, ಅವನು ತೀರಿಕೊಂಡದ್ದು ಅದೇ ಡಿಸೆಂಬರ್‌ನಲ್ಲಿ.

ಇದನ್ನು ಓದಿ ‘ಇಂಥವನಿಗೂ ಕೃಪೆಯೇ’ ಎಂದು ಕೇಳಬಹುದು. ಕೇಳಬೇಕು ಕೂಡ. ನನಗೆ ಕಾಣುವುದು ಇಷ್ಟು: ಕೃಪೆ ಮೊದಲು ಅವನ ಬಾಯಿಯನ್ನು ತಿದ್ದಿತು, ಆಮೇಲೆ ಅವನ ಕಸುಬು ಬದಲಾಯಿತು, ಕಣ್ಣು ತೆರೆದದ್ದು ಕಟ್ಟಕಡೆಗೆ. ಅಷ್ಟರಲ್ಲಿ ಅವನು ಮಾರಿದವರ ಬದುಕು ಮಾರಾಟವಾಗಿಯೇ ಹೋಗಿತ್ತು.

ಅಲ್ಲಿಗೆ ಓದುಗರು ಬಾಯಿಬಿಟ್ಟು ಕೇಳದ, ಆದರೆ ಪ್ರಶ್ನೆಯ ಅಡಿಯಲ್ಲಿರುವ ಮಾತಿಗೆ ಬಂದೆವು. ಕೊಂದವನನ್ನು ದೇವರು ಕ್ಷಮಿಸಿದರೆ, ಸತ್ತವನ ಗತಿ ಏನು? ಅವನ ಮನೆಯವರ ಗತಿ ಏನು? ‘ದೇವರು ನನ್ನನ್ನು ಕ್ಷಮಿಸಿದ್ದಾನೆ, ನೀವೂ ಮರೆತುಬಿಡಿ’ ಎಂದು ನೊಂದವರ ಮನೆಬಾಗಿಲಿಗೆ ಬರುವವನಿಗೆ ಬೈಬಲಿನಲ್ಲಿ ಯಾವ ಆಧಾರವೂ ಇಲ್ಲ. ಯೆರಿಕೋವಿನ ಸುಂಕದ ಅಧಿಕಾರಿ ಜಕ್ಕಾಯನನ್ನು ನೋಡಿ. ಯೇಸು ಅವನ ಮನೆಗೆ ಬಂದದ್ದು ಯಾವ ಷರತ್ತೂ ಇಲ್ಲದೆ. ಜಕ್ಕಾಯ ಎದ್ದು ನಿಂತು ಆಡಿದ ಮಾತು ಮಾತ್ರ ಶುದ್ಧ ಹಣಕಾಸಿನದು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಈ ಮನೆಗೆ ರಕ್ಷಣೆ ಬಂದಿದೆ ಎಂದು ಯೇಸು ಹೇಳಿದ್ದು ಇದಾದ ಮೇಲೆ.

ನಮ್ಮ ದೇಶದಲ್ಲೇ ನಡೆದ ಒಂದು ಸಂಗತಿಯೂ ಇಲ್ಲಿಗೆ ಸೇರುತ್ತದೆ. ಕೇರಳದ ರಾಣಿ ಮರಿಯಾ ಎಂಬ ಕ್ಯಾಥೊಲಿಕ್ ಸನ್ಯಾಸಿನಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಬಡ ರೈತರನ್ನು ಸಾಲದ ಹಿಡಿತದಿಂದ ಬಿಡಿಸುವ ಕೆಲಸ ಮಾಡುತ್ತಿದ್ದರು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟ ಬಸ್ಸಿನಲ್ಲಿ ಅವರನ್ನು ಇರಿದು ಕೊಂದರು. ಕೊಂದವನು ಜೈಲು ಸೇರಿದ. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ತಾವೂ ಸನ್ಯಾಸಿನಿಯಾದ ಸೆಲ್ಮಿ ಪೌಲ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗೆ ಕುಟುಂಬವೇ ಒಪ್ಪಿ ನಿಂತಿತು. 2006ರಲ್ಲಿ ಅವನು ಹೊರಬಂದ. 2017ರ ನವೆಂಬರ್‌ನಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ‘ಧನ್ಯೆ’ (ಸಂತಪದವಿಗೆ ಹಿಂದಿನ ಮೆಟ್ಟಿಲು) ಎಂದು ಕ್ಯಾಥೊಲಿಕ್ ಧರ್ಮಸಭೆ ಘೋಷಿಸಿತು. ಇಲ್ಲಿ ಕ್ಷಮೆ ಹೊರಟದ್ದು ಗಾಯವಾದ ಮನೆಯಿಂದ. ಕ್ಷಮಿಸಿ ಎಂದು ಆ ಮನೆಯವರನ್ನು ಪೀಡಿಸುವ ಅಧಿಕಾರ ಯಾವ ಪಾದ್ರಿಗೂ ಇರಲಿಲ್ಲ. ಗಂಡನಿಂದ ಹೊಡೆತ ತಿಂದವಳಿಗೆ ‘ಕ್ರೈಸ್ತಳಾಗಿ ಕ್ಷಮಿಸು’ ಎಂದು ಸಲಹೆ ಕೊಡುವ ಹಿರಿಯರು ಇದನ್ನು ನೆನಪಿಡಬೇಕು.

ಕೃಪೆ ಮತ್ತು ಸತ್ಕ್ರಿಯೆಗಳ ಸಂಬಂಧದ ಬಗ್ಗೆ ಕ್ರೈಸ್ತ ಪಂಗಡಗಳಲ್ಲಿ ಜಗಳವಿದೆಯಲ್ಲ ಎಂದರೆ, ಇತ್ತು, ಸ್ವಲ್ಪ ಈಗಲೂ ಇದೆ. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರನ ಸುಧಾರಣೆಗೆ ಉತ್ತರವಾಗಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ತನ್ನ ನಿಲುವು ಹೇಳಿತು. ಪಾಪದ ದೋಷ ಕ್ಷಮಿಸಲ್ಪಟ್ಟರೂ ಅದರ ಪರಿಹಾರ ಉಳಿಯಬಹುದು, ಶುದ್ಧೀಕರಣ ಬೇಕಾಗಬಹುದು ಎಂದು ಕ್ಯಾಥೊಲಿಕರು ಇಂದಿಗೂ ಹೇಳುತ್ತಾರೆ, ಪ್ರೊಟೆಸ್ಟೆಂಟರು ಒಪ್ಪುವುದಿಲ್ಲ. ಆದರೆ ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂಬ ಮಾತಿಗೆ ಲೂಥರನ್ ಸಭೆಗಳ ಒಕ್ಕೂಟವೂ ಕ್ಯಾಥೊಲಿಕ್ ಧರ್ಮಸಭೆಯೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಟ್ಟಿಗೆ ಸಹಿ ಹಾಕಿವೆ.

ಉಳಿದದ್ದು ‘ಯಾರಿಗೂ ಕೇಡು ಬಗೆಯದೆ ಬಾಳಿದವನು’. ಅವನಿಗಾದ ನಷ್ಟವೇನು? ಈ ಪ್ರಶ್ನೆ ಕೇಳುವಾಗ ಪಾಪಿಯ ಬದುಕು ಒಂದು ಮೋಜು, ಸಜ್ಜನನ ಬದುಕು ಕಷ್ಟದ ದುಡಿಮೆ ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಯೇಸು ಹೇಳಿದ ದುಂದುಗಾರ ಮಗನ ಕಥೆಯಲ್ಲಿ, ಆಸ್ತಿಯ ಪಾಲನ್ನೆಲ್ಲ ಹಾಳುಮಾಡಿ ಮರಳಿದ ಕಿರಿಯ ಮಗನನ್ನು ತಂದೆ ಔತಣವಿಟ್ಟು ಬರಮಾಡಿಕೊಂಡಾಗ ಹಿರಿಯ ಮಗ ಆಡುವುದು ಇದೇ ಮಾತು: ಇಷ್ಟು ವರ್ಷ ನಿನಗೆ ದುಡಿದೆ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ? ತಂದೆಯ ಉತ್ತರದಲ್ಲಿ ಗದರಿಕೆಯಿಲ್ಲ. ಮಗನೇ, ನೀನು ಯಾವಾಗಲೂ ನನ್ನ ಜೊತೆಯಲ್ಲೇ ಇದ್ದೀಯೆ, ನನ್ನದೆಲ್ಲ ನಿನ್ನದೇ ಎನ್ನುತ್ತಾನೆ. ಹಸಿದ ತಮ್ಮನು ಹಂದಿಗಳ ಮೇವಿಗೆ ಆಸೆಪಡುತ್ತಿದ್ದ ದಿನಗಳಲ್ಲಿ ಅಣ್ಣ ಹೊಟ್ಟೆ ತುಂಬ ಉಂಡು ತಂದೆಯ ಮನೆಯಲ್ಲೇ ಮಲಗುತ್ತಿದ್ದ. ಅದನ್ನು ಅವನು ಕೂಲಿಯೆಂದು ಎಣಿಸಿದ್ದ, ಅಷ್ಟೇ.